ಶೋಧನೆ ಎಂಬ ಮಾತಿನ ಎರಡು ಅರ್ಥ: ಸಭಾನಾಯಕರು ಯಾರಿಗೆ ಲೆಕ್ಕ ಒಪ್ಪಿಸಬೇಕು?

ಯೇಸು ಶಿಷ್ಯರಿಗೆ ಕಲಿಸಿದ ಕರ್ತನ ಪ್ರಾರ್ಥನೆಯಲ್ಲಿ ನಮ್ಮನ್ನು ಶೋಧನೆಯೊಳಗೆ ಸೇರಿಸಬೇಡವೆಂದು ಬೇಡಿಕೊಳ್ಳುವಾಗ ಶೋಧನೆ ಎಂಬ ಮಾತಿಗೆ ಪಾಪದ ಕಡೆಗೆ ಸೆಳೆಯುವ ಪ್ರಲೋಭನೆ ಎಂಬ ಅರ್ಥವಿದೆ. ಆಲಯದ ಬಾಗಿಲು ದಾಟಿ ಹೊರಗೆ ಬಂದರೆ ಅದೇ ಮಾತಿಗೆ ಹುಡುಕಿ ನೋಡುವುದು, ಪರಿಶೀಲಿಸುವುದು, ಸೋಸುವುದು ಎಂಬ ಅರ್ಥಗಳು ಬರುತ್ತವೆ. ಹೊಸ ಒಡಂಬಡಿಕೆಯ ಗ್ರೀಕ್ ಪದವಾದ ‘ಪೈರಾಸ್ಮೊಸ್’ ಸಹ ಪ್ರಲೋಭನೆ ಮತ್ತು ಪರೀಕ್ಷೆ ಎರಡನ್ನೂ ಹೇಳುತ್ತದೆ. ಕ್ರೈಸ್ತ ಸಭೆಗಳ ನಾಯಕರು ನೈತಿಕವಾಗಿ ಬಿದ್ದ ಪ್ರಕರಣಗಳನ್ನು ಒಂದರ ಪಕ್ಕದಲ್ಲಿ ಒಂದಿಟ್ಟು ನೋಡಿದರೆ ಈ ಎರಡು ಅರ್ಥಗಳ ನಡುವಿನ ನಂಟು ಕಾಣಿಸುತ್ತದೆ. ಮೊದಲನೆಯ ಶೋಧನೆ ಎಲ್ಲ ಮನುಷ್ಯರಿಗೂ ಬರುತ್ತದೆ. ಎರಡನೆಯ ಶೋಧನೆಯಿಂದ ನುಣುಚಿಕೊಳ್ಳುವ ಅನುಕೂಲ ನಾಯಕರಿಗೆ ಉಳಿದವರಿಗಿಂತ ಹೆಚ್ಚು. ಬೀಳುವುದಕ್ಕೆ ಆಸೆಯೊಂದೇ ಸಾಲದು, ಯಾರೂ ನೋಡದ, ನೋಡಿದವರು ಕೇಳಲಾಗದ, ಕೇಳಿದವರು ತಡೆಯಲಾಗದ ಒಂದು ಜಾಗವೂ ಬೇಕು. ಆ ಜಾಗ ಹೇಗೆ ಹುಟ್ಟುತ್ತದೆ, ಅದನ್ನು ಮುಚ್ಚಲು ಸಭೆ ಇಷ್ಟು ಶತಮಾನಗಳಲ್ಲಿ ಏನೇನು ಮಾಡಿದೆ ಮತ್ತು ಎಲ್ಲಿ ಸೋತಿದೆ ಎಂಬುದನ್ನು ಇಲ್ಲಿ ನೋಡೋಣ.

ನಾನು ದೇವರಿಗೆ ಮಾತ್ರ ಲೆಕ್ಕ ಒಪ್ಪಿಸಬೇಕಾದವನು ಎಂಬ ಮಾತು ಭಕ್ತಿಯ ಮಾತಿನಂತೆ ಕೇಳಿಸುವುದರಿಂದ ಅದಕ್ಕೆ ಎದುರಾಡುವುದು ಕಷ್ಟ. ಆದರೆ ಆ ಮಾತನ್ನು ಆಡಲು ಎಲ್ಲರಿಗಿಂತ ಹೆಚ್ಚು ಅರ್ಹತೆಯಿದ್ದ ಅಪೊಸ್ತಲ ಪೌಲನು ಹಾಗೆ ನಡೆದುಕೊಳ್ಳಲಿಲ್ಲ. ಯೆರೂಸಲೇಮಿನ ಬಡವರಿಗಾಗಿ ಸಭೆಗಳಿಂದ ಸಂಗ್ರಹಿಸಿದ ಹಣವನ್ನು ಒಯ್ಯುವಾಗ ಅವನು ತನ್ನ ಜೊತೆಕೆಲಸಗಾರನಾದ ತೀತನ ಜೊತೆಗೆ ಸಭೆಗಳೇ ಆರಿಸಿದ ಸಹೋದರನನ್ನು ಸೇರಿಸಿಕೊಂಡನು. ಇಷ್ಟು ದೊಡ್ಡ ಮೊತ್ತದ ವಿಷಯದಲ್ಲಿ ಯಾರೂ ತಪ್ಪು ಹೊರಿಸದಂತೆ ಎಚ್ಚರ ವಹಿಸುತ್ತಿದ್ದೇವೆ, ಕರ್ತನ ದೃಷ್ಟಿಯಲ್ಲಿ ಮಾತ್ರವಲ್ಲದೆ ಮನುಷ್ಯರ ದೃಷ್ಟಿಯಲ್ಲಿಯೂ ಸರಿಯಾದದ್ದನ್ನು ಯೋಚಿಸುತ್ತೇವೆ ಎಂದು ಕೊರಿಂಥದವರಿಗೆ ಬರೆದ ಎರಡನೆಯ ಪತ್ರದ 8ನೆಯ ಅಧ್ಯಾಯದಲ್ಲಿ ಹೇಳಿದನು. ಇಲ್ಲಿ ಗಮನಿಸಬೇಕಾದದ್ದು ಆರಿಸಿದವರು ಯಾರು ಎಂಬುದನ್ನು. ತನ್ನ ಮೇಲೆ ಕಣ್ಣಿಡುವ ಆ ಸಹೋದರನನ್ನು ಪೌಲನು ತಾನೇ ನೇಮಿಸಿಕೊಳ್ಳಲಿಲ್ಲ.

ಇಬ್ರಿಯರಿಗೆ ಬರೆದ ಪತ್ರದ 13:17ನೆಯ ವಚನಕ್ಕೆ ಆಗಿರುವುದೂ ಇಂಥದ್ದೇ. ನಿಮ್ಮ ನಾಯಕರ ಮಾತನ್ನು ಕೇಳಿರಿ, ಅವರಿಗೆ ಅಧೀನರಾಗಿರಿ ಎಂಬ ಮೊದಲ ಭಾಗವನ್ನು ಸಭೆಗಳಲ್ಲಿ ಬಾಯಿಪಾಠವಾಗುವಷ್ಟು ಸಲ ಓದುತ್ತಾರೆ. ಅವರು ಲೆಕ್ಕ ಒಪ್ಪಿಸಬೇಕಾದವರು ಎಂಬ ಮುಂದಿನ ಮಾತು ಅದೇ ವಾಕ್ಯದಲ್ಲಿದ್ದರೂ ಅಷ್ಟು ಸಲ ಕಿವಿಗೆ ಬೀಳುವುದಿಲ್ಲ. ತಿಮೊಥೆಯನಿಗೆ ಬರೆದ ಮೊದಲನೆಯ ಪತ್ರದ 3ನೆಯ ಅಧ್ಯಾಯದಲ್ಲಿ ಸಭಾಧ್ಯಕ್ಷನಿಗೆ ಬೇಕಾದ ಗುಣಗಳ ಪಟ್ಟಿಯಿದೆ. ಬೋಧಿಸುವ ಸಾಮರ್ಥ್ಯ ಎಂಬುದೊಂದನ್ನು ಬಿಟ್ಟರೆ ಅದರಲ್ಲಿ ಇರುವುದೆಲ್ಲ ನಡತೆಗೆ ಸಂಬಂಧಿಸಿದ್ದು: ಹಣದಾಸೆ ಇರಬಾರದು, ಕುಡುಕನಾಗಿರಬಾರದು, ಹೊಡೆದಾಡುವವನಾಗಿರಬಾರದು, ಹೊಸದಾಗಿ ನಂಬಿದವನಾಗಿರಬಾರದು, ಸಭೆಯ ಹೊರಗಿನವರಿಂದಲೂ ಒಳ್ಳೆಯ ಸಾಕ್ಷಿ ಹೊಂದಿರಬೇಕು. ಇಂದು ಸಭಾಪಾಲಕರನ್ನು (ಪಾಸ್ಟರುಗಳನ್ನು) ಆರಿಸುವಾಗ ಮೊದಲು ಕೇಳುವುದು ಪ್ರಸಂಗ ಹೇಗೆ ಮಾಡುತ್ತಾರೆ ಎಂಬುದನ್ನು. ಪಟ್ಟಿಯಲ್ಲಿ ಒಂದೇ ಒಂದಾಗಿದ್ದ ಕೌಶಲ ಪಟ್ಟಿಯನ್ನೆಲ್ಲ ಆವರಿಸಿಕೊಂಡದ್ದು ಮುಂದಿನ ಹಲವು ಕೇಡುಗಳಿಗೆ ಬೀಜವಾಗಿದೆ ಎಂದು ನನಗೆ ತೋರುತ್ತದೆ.

ಸಭಾನಾಯಕರ ಪ್ರಲೋಭನೆಗೆ ಅದರದೇ ಆದ ರೂಪವಿದೆ. ಹಣ, ಕಾಮ, ಅಧಿಕಾರ ಎಂಬ ಮೂರು ಹೆಸರುಗಳಲ್ಲಿ ಹೊಸದೇನೂ ಇಲ್ಲ, ಎಲ್ಲ ವೃತ್ತಿಗಳಲ್ಲಿಯೂ ಅವು ಇವೆ. ಆದರೆ ಸಭಾಪಾಲಕನ ಕೆಲಸವೇ ಅವನನ್ನು ಜನರ ಬದುಕಿನ ಅತ್ಯಂತ ಮೃದುವಾದ ಭಾಗಕ್ಕೆ ಕರೆದೊಯ್ಯುತ್ತದೆ. ಮಗುವನ್ನು ಕಳೆದುಕೊಂಡವರು, ಮದುವೆ ಮುರಿಯುವ ಹಂತದಲ್ಲಿರುವವರು, ಯಾರಿಗೂ ಹೇಳಲಾಗದ ತಪ್ಪನ್ನು ಎದೆಯಲ್ಲಿಟ್ಟುಕೊಂಡವರು ಅವನ ಮುಂದೆ ಕುಳಿತು ಮನಸ್ಸು ಬಿಚ್ಚುತ್ತಾರೆ. ವೈದ್ಯರಿಗೂ ಆಪ್ತಸಮಾಲೋಚಕರಿಗೂ ಇಂಥ ಸಂದರ್ಭಗಳಿಗೆ ತರಬೇತಿ, ಪರವಾನಗಿ, ಮೇಲ್ವಿಚಾರಣೆ ಇರುತ್ತವೆ. ಅನೇಕ ಸಭೆಗಳಲ್ಲಿ ಸಭಾಪಾಲಕನಿಗೆ ಇವು ಯಾವುವೂ ಇರುವುದಿಲ್ಲ. ದುಃಖದಲ್ಲಿರುವವರು ತನ್ನ ಮೇಲೆ ಇಟ್ಟ ನಂಬಿಕೆಯನ್ನು ಅವನು ವೈಯಕ್ತಿಕ ಆಕರ್ಷಣೆ ಎಂದು ತಿಳಿದುಕೊಳ್ಳುವ ಅಪಾಯ ಅಲ್ಲಿಂದಲೇ ಶುರುವಾಗುತ್ತದೆ.

ಇದಕ್ಕಿಂತ ಸೂಕ್ಷ್ಮವಾದ ಇನ್ನೊಂದು ಅಪಾಯವಿದೆ. ಲೆಕ್ಕಿಗನೊಬ್ಬನು ಮೋಸ ಮಾಡಿದರೆ ಅವನ ಪುಸ್ತಕದಲ್ಲಿ ಅಂಕೆಗಳು ತಾಳೆಯಾಗುವುದಿಲ್ಲ, ಆದರೆ ಸಭಾಪಾಲಕನು ಗುಟ್ಟಾಗಿ ಪಾಪದಲ್ಲಿ ನಡೆಯುತ್ತಿದ್ದರೂ ಅವನ ಪ್ರಸಂಗ ಕೇಳಿ ಜನರು ಅಳುತ್ತಾರೆ, ಬದಲಾಗುತ್ತಾರೆ, ಸಭೆ ಬೆಳೆಯುತ್ತದೆ. ನಾಲ್ಕನೆಯ ಶತಮಾನದ ಉತ್ತರ ಆಫ್ರಿಕಾದಲ್ಲಿ ಇದೇ ಸಂಗತಿ ದೊಡ್ಡ ವಿವಾದವಾಗಿತ್ತು. ರೋಮನ್ ಚಕ್ರವರ್ತಿ ಡಯೊಕ್ಲೀಷಿಯನ್ ಕಾಲದ ಹಿಂಸೆಗೆ ಹೆದರಿ ಪವಿತ್ರ ಗ್ರಂಥಗಳನ್ನು ಅಧಿಕಾರಿಗಳಿಗೆ ಒಪ್ಪಿಸಿದ ಬಿಷಪ್ಪರು ನಡೆಸಿದ ಸಂಸ್ಕಾರಗಳು ಊರ್ಜಿತವಲ್ಲ ಎಂದು ಡೊನಾಟಿಸ್ಟರು ಎಂಬ ಪಂಗಡದವರು ವಾದಿಸಿದರು. ಸಂಸ್ಕಾರದ ಫಲ ಕ್ರಿಸ್ತನಿಂದ ಬರುತ್ತದೆ, ಅದು ನಡೆಸುವವನ ಯೋಗ್ಯತೆಯನ್ನು ಅವಲಂಬಿಸಿಲ್ಲ ಎಂದು ಹಿಪ್ಪೋದ ಬಿಷಪ್ ಅಗಸ್ಟೀನನು ಅವರಿಗೆ ಉತ್ತರ ಕೊಟ್ಟನು. ಭಕ್ತರ ಪಾಲಿಗೆ ಅದು ದೊಡ್ಡ ಸಮಾಧಾನ, ಏಕೆಂದರೆ ದೀಕ್ಷಾಸ್ನಾನ ಕೊಟ್ಟವನು ಮುಂದೆ ಕೆಟ್ಟವನೆಂದು ತಿಳಿದುಬಂದರೂ ಅವರ ದೀಕ್ಷಾಸ್ನಾನ ಸುಳ್ಳಾಗುವುದಿಲ್ಲ. ಆದರೆ ಅದೇ ಸತ್ಯ ನಾಯಕನ ಕೈಗೆ ಸಿಕ್ಕಿದಾಗ ತಿರುವುಮುರುವಾಗುತ್ತದೆ. ದೇವರಿಗೆ ನನ್ನ ಮೇಲೆ ಕೋಪವಿದ್ದರೆ ನನ್ನ ಸೇವೆ ಹೀಗೆ ಫಲಿಸುತ್ತಿತ್ತೇ ಎಂದು ಅವನು ತನ್ನನ್ನು ತಾನೇ ಸಂತೈಸಿಕೊಳ್ಳುತ್ತಾನೆ. ಫಲವು ದೇವರ ಕೃಪೆಯ ಸಾಕ್ಷಿಯೇ ಹೊರತು ಅವನ ನಡತೆಗೆ ಸಿಕ್ಕ ಪ್ರಮಾಣಪತ್ರವಲ್ಲ ಎಂಬುದನ್ನು ಅವನೂ ಮರೆಯುತ್ತಾನೆ, ಅವನನ್ನು ಪ್ರಶ್ನಿಸಬೇಕಾದ ಹಿರಿಯರೂ ಮರೆಯುತ್ತಾರೆ.

ದಣಿವು ಮತ್ತು ತ್ಯಾಗದಿಂದಲೂ ಪ್ರಲೋಭನೆ ಹುಟ್ಟುತ್ತದೆ. ವರ್ಷಗಟ್ಟಲೆ ರಜೆಯಿಲ್ಲದೆ, ಕಡಿಮೆ ಸಂಬಳಕ್ಕೆ, ಹೊತ್ತುಗೊತ್ತಿಲ್ಲದೆ ದುಡಿದವನ ಮನಸ್ಸಿನಲ್ಲಿ ತನಗೆ ಏನೋ ಸಲ್ಲಬೇಕಾಗಿದೆ ಎಂಬ ಒಂದು ಗುಪ್ತ ಲೆಕ್ಕ ತೆರೆದುಕೊಳ್ಳುತ್ತದೆ. ಸಭೆಯ ಹಣದಲ್ಲಿ ಒಂದು ಸಣ್ಣ ಅನುಕೂಲ, ಒಂದು ಅನುಚಿತ ಸಂದೇಶ, ಒಂದು ಸುಳ್ಳು ಭತ್ಯೆ ಆ ಲೆಕ್ಕದಲ್ಲಿ ಜಮೆಯಾಗುತ್ತ ಹೋಗುತ್ತವೆ. ಮರುಭೂಮಿಯ ಸನ್ಯಾಸಿಗಳು ಇದನ್ನು ಚೆನ್ನಾಗಿ ಅರಿತಿದ್ದರು. ಕಾನ್‌ಸ್ಟಾಂಟಿನೋಪಲ್ಲಿನಲ್ಲಿ ಹೆಸರುವಾಸಿಯಾಗಿದ್ದಾಗ ವಿವಾಹಿತೆಯೊಬ್ಬಳ ಮೋಹಕ್ಕೆ ಸಿಕ್ಕಿ, ಆ ನಗರವನ್ನೇ ಬಿಟ್ಟು ಹೊರಟು, ಕೊನೆಗೆ ಈಜಿಪ್ಟಿನ ಮರುಭೂಮಿ ಸೇರಿದ ಇವಾಗ್ರಿಯಸ್ ಮನುಷ್ಯನನ್ನು ಕಾಡುವ ಎಂಟು ಕೆಟ್ಟ ಆಲೋಚನೆಗಳನ್ನು ಗುರುತಿಸಿದನು. ಹೊಟ್ಟೆಬಾಕತನ, ಕಾಮ, ಹಣದಾಸೆಗಳಿಂದ ಆರಂಭವಾಗುವ ಆ ಪಟ್ಟಿಯ ಕೊನೆಯಲ್ಲಿ ಇರುವುದು ಹೊಗಳಿಕೆಯ ಹಂಬಲ ಮತ್ತು ಗರ್ವ. ಅವನ ಚಿಂತನೆಯನ್ನು ಪಶ್ಚಿಮಕ್ಕೆ ತಂದ ಜಾನ್ ಕ್ಯಾಸಿಯನ್ ಹೊಗಳಿಕೆಯ ಹಂಬಲವನ್ನು ಈರುಳ್ಳಿಗೆ ಹೋಲಿಸಿದನು: ಒಂದು ಸಿಪ್ಪೆ ಸುಲಿದರೆ ಕೆಳಗೆ ಇನ್ನೊಂದು ಇರುತ್ತದೆ. ಉಳಿದ ಆಸೆಗಳನ್ನು ಗೆದ್ದೆನೆಂಬ ಹೆಮ್ಮೆಯೇ ಅದಕ್ಕೆ ಆಹಾರವಾಗುವುದರಿಂದ ಅದು ಸೇವೆಯಲ್ಲಿ ಪಳಗಿದವರನ್ನೇ ಹಿಡಿಯುತ್ತದೆ.

ಇವೆಲ್ಲಕ್ಕೂ ಮೇಲೆ ಒಂಟಿತನವಿದೆ. ಸಾಮಾನ್ಯ ವಿಶ್ವಾಸಿ ತನ್ನ ಹೋರಾಟವನ್ನು ಸಭಾಪಾಲಕನ ಬಳಿ ಹೇಳಿಕೊಳ್ಳಬಹುದು. ಸಭಾಪಾಲಕ ಯಾರ ಬಳಿ ಹೇಳಿಕೊಳ್ಳಬೇಕು? 1215ರ ನಾಲ್ಕನೆಯ ಲ್ಯಾಟರನ್ ಮಹಾಸಭೆ ಪ್ರತಿಯೊಬ್ಬ ಕ್ರೈಸ್ತನೂ ವರ್ಷಕ್ಕೆ ಒಮ್ಮೆಯಾದರೂ ಪಾಪನಿವೇದನೆ ಮಾಡಬೇಕೆಂದು ವಿಧಿಸಿತು, ಕಥೋಲಿಕ ಗುರುಗಳು ಇಂದಿಗೂ ಮತ್ತೊಬ್ಬ ಗುರುವಿನ ಮುಂದೆ ಮಂಡಿಯೂರುತ್ತಾರೆ. ಸುಧಾರಣಾ ಚಳವಳಿಯ (ಪ್ರೊಟೆಸ್ಟಂಟ್) ಸಭೆಗಳು ಆ ಕಡ್ಡಾಯವನ್ನು ತೆಗೆದುಹಾಕಿದ್ದಕ್ಕೆ ತಕ್ಕ ಕಾರಣಗಳಿದ್ದವು, ಆದರೆ ಅದರ ಜಾಗದಲ್ಲಿ ಬೇರೇನನ್ನೂ ಇಡದ ಕಡೆ ಸಭಾಪಾಲಕನು ಪಾಪನಿವೇದನೆ ಕೇಳುವವರಿಲ್ಲದ ಪಾಪಿಯಾಗಿ ಉಳಿದನು. ಅವನ ಉದ್ಯೋಗ, ವಾಸದ ಮನೆ, ಮಕ್ಕಳ ಶಾಲೆ, ಸ್ನೇಹವಲಯ ಎಲ್ಲವೂ ಒಂದೇ ಸಭೆಗೆ ಕಟ್ಟಿಕೊಂಡಿರುವಾಗ ಒಂದು ಸಣ್ಣ ಎಡವಟ್ಟನ್ನು ಒಪ್ಪಿಕೊಂಡರೂ ಎಲ್ಲವನ್ನೂ ಕಳೆದುಕೊಳ್ಳಬಹುದೆಂಬ ಭಯ ಅವನನ್ನು ಹಿಡಿಯುತ್ತದೆ. ಹಾಗಾಗಿ ಸಣ್ಣದು ಹೊರಬರುವುದಿಲ್ಲ. ಹೊರಬರುವ ಹೊತ್ತಿಗೆ ಅದು ಸಣ್ಣದಾಗಿ ಉಳಿದಿರುವುದೂ ಇಲ್ಲ. (ಪಾಪನಿವೇದನೆಯ ಪದ್ಧತಿ ಇದ್ದಮಾತ್ರಕ್ಕೆ ಎಲ್ಲವೂ ಸರಿಯಾಗುತ್ತದೆ ಎಂದು ಇದರ ಅರ್ಥವಲ್ಲ, ಕಥೋಲಿಕ ಸಭೆಯ ಇತ್ತೀಚಿನ ಚರಿತ್ರೆ ಅಂಥ ಭ್ರಮೆಗೆ ಎಡೆ ಕೊಡುವುದಿಲ್ಲ.)

ಈ ವಿಷಯ ಬಂದಾಗಲೆಲ್ಲ ಪ್ರಸಂಗಗಳಲ್ಲಿ ಇಸ್ರಾಯೇಲಿನ ಅರಸ ದಾವೀದನ ಕಥೆ ಬರುತ್ತದೆ, ಮತ್ತು ಸಾಮಾನ್ಯವಾಗಿ ತಪ್ಪಾಗಿ ಬರುತ್ತದೆ. ಮಾಳಿಗೆಯ ಮೇಲಿಂದ ಕಂಡ ಸುಂದರಿ, ಒಂದು ದುರ್ಬಲ ಕ್ಷಣ, ಒಂದು ಪತನ ಎಂಬಂತೆ ಅದನ್ನು ಹೇಳುತ್ತಾರೆ. ಎರಡನೆಯ ಸಮುವೇಲದ 11ನೆಯ ಅಧ್ಯಾಯವನ್ನು ನಿಧಾನವಾಗಿ ಓದಿದರೆ ಬೇರೆಯೇ ಚಿತ್ರ ಕಾಣುತ್ತದೆ. ಅಲ್ಲಿ ಮತ್ತೆ ಮತ್ತೆ ಬರುವ ಕ್ರಿಯಾಪದ ‘ಕಳುಹಿಸಿದನು’ ಎಂಬುದು. ದಾವೀದನು ಸೈನ್ಯವನ್ನು ಯುದ್ಧಕ್ಕೆ ಕಳುಹಿಸಿ ತಾನು ಯೆರೂಸಲೇಮಿನಲ್ಲಿ ಉಳಿದನು, ಆಕೆ ಯಾರೆಂದು ತಿಳಿಯಲು ಆಳನ್ನು ಕಳುಹಿಸಿದನು, ಆಕೆಯನ್ನು ಕರೆತರಲು ದೂತರನ್ನು ಕಳುಹಿಸಿದನು, ಆಕೆ ಬಸುರಾದಾಗ ಗಂಡನಾದ ಊರೀಯನನ್ನು ಕರೆಸಲು ಹೇಳಿ ಕಳುಹಿಸಿದನು, ಕೊನೆಗೆ ಊರೀಯನ ಕೈಯಲ್ಲೇ ಅವನ ಮರಣದ ಪತ್ರವನ್ನು ಸೇನಾಪತಿ ಯೋವಾಬನಿಗೆ ಕಳುಹಿಸಿದನು. ಪ್ರತಿ ಹೆಜ್ಜೆಯಲ್ಲಿಯೂ ವಿಷಯ ತಿಳಿದ ಯಾರಾದರೂ ಇದ್ದರು. ಆಕೆ ಊರೀಯನ ಹೆಂಡತಿಯಲ್ಲವೇ ಎಂಬ ಉತ್ತರ ಮೊದಲ ಹೆಜ್ಜೆಯಲ್ಲೇ ಅರಸನ ಕಿವಿಗೆ ಬಿದ್ದಿತ್ತು. ಅದಕ್ಕಿಂತ ಮುಂದೆ ಹೋಗಿ ಅರಸನನ್ನು ತಡೆಯುವ ಅಧಿಕಾರ ಅವರಲ್ಲಿ ಯಾರಿಗೂ ಇರಲಿಲ್ಲ.

ಮುಂದಿನ ಅಧ್ಯಾಯ ಆರಂಭವಾಗುವುದು ಅದೇ ಕ್ರಿಯಾಪದದಿಂದ, ಆದರೆ ಈಗ ಕರ್ತೃ ಬೇರೆ: ಯೆಹೋವನು ಪ್ರವಾದಿಯಾದ ನಾತಾನನನ್ನು ದಾವೀದನ ಬಳಿಗೆ ಕಳುಹಿಸಿದನು. ಇಡೀ ಕಥೆಯಲ್ಲಿ ಅರಸನ ಅಪ್ಪಣೆಯಿಂದಾಗಲಿ ಅವನ ಸಂಬಳದ ಋಣದಿಂದಾಗಲಿ ಅಲ್ಲದೆ ಅರಮನೆಗೆ ಬಂದವನು ಅವನೊಬ್ಬನೇ. ಅವನು ಹೇಳಿದ ಸಾಮ್ಯದಲ್ಲಿ, ಅಂದರೆ ದೃಷ್ಟಾಂತಕಥೆಯಲ್ಲಿ, ಬಡವನ ಒಂದೇ ಒಂದು ಹೆಣ್ಣು ಕುರಿಮರಿಯನ್ನು ಐಶ್ವರ್ಯವಂತನು ಕಿತ್ತುಕೊಳ್ಳುತ್ತಾನೆ. ಕುರಿಮರಿಯ ಮೇಲೆ ಅವನು ಯಾವ ತಪ್ಪನ್ನೂ ಹೊರಿಸುವುದಿಲ್ಲ. ಸಭಾನಾಯಕನೊಬ್ಬನು ತನ್ನ ಆರೈಕೆಯಲ್ಲಿರುವ ಮಹಿಳೆಯೊಡನೆ ಲೈಂಗಿಕ ಸಂಬಂಧ ಬೆಳೆಸಿದಾಗ ಇಬ್ಬರೂ ಪಾಪದಲ್ಲಿ ಬಿದ್ದರು ಎಂದು ಸಭೆಗಳು ಪ್ರಕಟಣೆ ಹೊರಡಿಸುವುದುಂಟು. ನಾತಾನನ ಸಾಮ್ಯ ಆ ಭಾಷೆಗೆ ಒಪ್ಪುವುದಿಲ್ಲ. ಅಮೆರಿಕದ ಮಿನೆಸೋಟ, ಟೆಕ್ಸಸ್ ಮೊದಲಾದ ರಾಜ್ಯಗಳ ಕಾನೂನೂ ಆತ್ಮಿಕ ಆಪ್ತಸಲಹೆ ಕೊಡುವ ಧರ್ಮಗುರುವು ಸಲಹೆ ಪಡೆಯುವವರ ಅವಲಂಬನೆಯನ್ನು ಬಳಸಿಕೊಂಡು ಬೆಳೆಸುವ ಲೈಂಗಿಕ ಸಂಬಂಧವನ್ನು ಅಪರಾಧವೆಂದೇ ಎಣಿಸುತ್ತದೆ. ಒಬ್ಬರ ಕೈಯಲ್ಲಿ ಇನ್ನೊಬ್ಬರ ಮನಸ್ಸಿನ ಬೀಗದ ಕೈ ಇರುವಾಗ ಒಪ್ಪಿಗೆ ಎಂಬ ಮಾತಿಗೆ ಅದರ ಪೂರ್ಣ ಅರ್ಥ ಉಳಿಯುವುದಿಲ್ಲ.

ನಾಯಕರನ್ನು ಶೋಧನೆಗೆ ಒಳಪಡಿಸುವ ಪ್ರಯತ್ನಗಳು ಸಭೆಯಷ್ಟೇ ಹಳೆಯವು. ಆದಿಸಭೆಯ ಕೈಪಿಡಿಯಾದ ‘ದಿದಖೆ’ ಸಂಚಾರಿ ಸೇವಕರ ಬಗ್ಗೆ ಕೊಡುವ ಸೂಚನೆಗಳು ನಗು ತರಿಸುವಷ್ಟು ನೇರವಾಗಿವೆ: ಬಂದ ಅಪೊಸ್ತಲನು ಒಂದು ದಿನ ಇರಲಿ, ಅಗತ್ಯವಿದ್ದರೆ ಇನ್ನೊಂದು ದಿನ, ಮೂರು ದಿನ ಉಳಿದರೆ ಅವನು ಸುಳ್ಳು ಪ್ರವಾದಿ, ಹೊರಡುವಾಗ ಹಣ ಕೇಳಿದರೂ ಸುಳ್ಳು ಪ್ರವಾದಿ. 325ರ ನೈಸಿಯ ಮಹಾಸಭೆಯ ಹೆಸರು ಕೇಳಿದರೆ ನಮಗೆ ನೆನಪಾಗುವುದು ವಿಶ್ವಾಸಪ್ರಮಾಣ. ಅದೇ ಮಹಾಸಭೆ ತನ್ನ ಮೂರನೆಯ ವಿಧಿಯಲ್ಲಿ ಧರ್ಮಗುರುಗಳ ಮನೆಯಲ್ಲಿ ತಾಯಿ, ಸಹೋದರಿ, ಚಿಕ್ಕಮ್ಮ-ಅತ್ತೆ ಅಥವಾ ಸಂಶಯಕ್ಕೆ ಎಡೆಯಿಲ್ಲದವರನ್ನು ಬಿಟ್ಟು ಬೇರೆ ಹೆಂಗಸರು ವಾಸಿಸಬಾರದೆಂದಿತು, ಹದಿನೇಳನೆಯ ವಿಧಿಯಲ್ಲಿ ಧರ್ಮಗುರುಗಳು ಬಡ್ಡಿಗೆ ಹಣ ಕೊಡುವುದನ್ನು ನಿಷೇಧಿಸಿತು. ಆರನೆಯ ಶತಮಾನದ ಬೆನೆಡಿಕ್ಟನ ನಿಯಮಾವಳಿ ಮಠದ ಮುಖ್ಯಸ್ಥನು ಮಹತ್ವದ ವಿಷಯಗಳಲ್ಲಿ ಎಲ್ಲ ಸನ್ಯಾಸಿಗಳನ್ನೂ ಕರೆದು ಕೇಳಬೇಕು, ಏಕೆಂದರೆ ಉತ್ತಮವಾದದ್ದನ್ನು ಕರ್ತನು ಎಷ್ಟೋ ಸಲ ಕಿರಿಯನಿಗೆ ತಿಳಿಸುತ್ತಾನೆ ಎನ್ನುತ್ತದೆ. ತೀರ್ಮಾನವನ್ನು ಮಾತ್ರ ಮುಖ್ಯಸ್ಥನ ಕೈಯಲ್ಲೇ ಉಳಿಸುತ್ತದೆ. ಮೆಥೊಡಿಸ್ಟ್ ಚಳವಳಿಯ ನಾಯಕ ಜಾನ್ ವೆಸ್ಲಿ 1738ರ ಡಿಸೆಂಬರಿನಲ್ಲಿ ಸಣ್ಣ ಗುಂಪುಗಳಿಗಾಗಿ ಬರೆದ ನಿಯಮಗಳಲ್ಲಿ ಪ್ರತಿ ಸಲ ಸೇರಿದಾಗಲೂ ಕೇಳಬೇಕಾದ ಪ್ರಶ್ನೆಗಳಿವೆ. ಕಳೆದ ಸಲ ಸೇರಿದಂದಿನಿಂದ ತಿಳಿದೂ ಮಾಡಿದ ಪಾಪಗಳು ಯಾವುವು, ಎದುರಾದ ಪ್ರಲೋಭನೆಗಳು ಯಾವುವು, ಅವುಗಳಿಂದ ಹೇಗೆ ಪಾರಾದಿರಿ ಎಂದು ಅಲ್ಲಿ ನೇರವಾಗಿ ಕೇಳುತ್ತಿದ್ದರು. ಬೀಳುವುದಕ್ಕೆ ಮೊದಲೇ, ಪ್ರಲೋಭನೆಯ ಹಂತದಲ್ಲಿಯೇ ಕೇಳುವುದು ಆ ಪ್ರಶ್ನೆಗಳ ಜಾಣತನ.

ಇಪ್ಪತ್ತನೆಯ ಶತಮಾನದಲ್ಲಿ ಹೆಚ್ಚು ಹೆಸರಾದದ್ದು ಅಮೆರಿಕದ ಸುವಾರ್ತಿಕ ಬಿಲ್ಲಿ ಗ್ರಹಾಂ ಮತ್ತು ಅವರ ಸಂಗಡಿಗರು 1948ರ ನವೆಂಬರಿನಲ್ಲಿ ಕ್ಯಾಲಿಫೋರ್ನಿಯಾದ ಮೊಡೆಸ್ಟೊ ಎಂಬಲ್ಲಿ ಮಾಡಿಕೊಂಡ ಒಪ್ಪಂದ. ಸುವಾರ್ತಿಕರು ಬೀಳುವುದು ಎಲ್ಲೆಲ್ಲಿ ಎಂದು ಯೋಚಿಸಿ ಅವರು ಹಣ, ಲೈಂಗಿಕ ನಡತೆ, ಸ್ಥಳೀಯ ಸಭೆಗಳ ಟೀಕೆ, ಜನಸಂಖ್ಯೆಯನ್ನು ಉತ್ಪ್ರೇಕ್ಷಿಸುವ ಪ್ರಚಾರ ಎಂಬ ನಾಲ್ಕು ಕಡೆ ತಮಗೆ ತಾವೇ ಬೇಲಿ ಹಾಕಿಕೊಂಡರು. ಹೆಂಡತಿಯಲ್ಲದ ಹೆಂಗಸಿನೊಡನೆ ಒಬ್ಬಂಟಿಯಾಗಿ ಊಟ, ಪ್ರಯಾಣ, ಭೇಟಿ ಮಾಡುವುದಿಲ್ಲ ಎಂಬ ನಿಯಮಕ್ಕೆ ಮುಂದೆ ಗ್ರಹಾಂ ಹೆಸರೇ ಅಂಟಿಕೊಂಡಿತು. ನನ್ನ ದೃಷ್ಟಿಯಲ್ಲಿ ಹೆಚ್ಚು ಬೆಲೆಯುಳ್ಳದ್ದು ಹಣದ ವಿಷಯದಲ್ಲಿ ಅವರು ಮಾಡಿದ್ದು. 1950ರ ಕೊನೆಯಲ್ಲಿ ಅಟ್ಲಾಂಟಾದ ಕೂಟಗಳು ಮುಗಿದಾಗ ಪತ್ರಿಕೆಯೊಂದು ಕಾಣಿಕೆಯ ಹಣದ ಚೀಲಗಳ ಚಿತ್ರವನ್ನೂ ನಗುತ್ತಿದ್ದ ಗ್ರಹಾಂ ಚಿತ್ರವನ್ನೂ ಒಟ್ಟಿಗೆ ಪ್ರಕಟಿಸಿತು. ಅವಮಾನಗೊಂಡ ಗ್ರಹಾಂ ವೈಯಕ್ತಿಕ ಕಾಣಿಕೆ ಎತ್ತುವುದನ್ನು ನಿಲ್ಲಿಸಿ ಸಂಸ್ಥೆಯಿಂದ ನಿಗದಿತ ಸಂಬಳ ಪಡೆಯುವ ಪದ್ಧತಿಗೆ ಹೋದರು. ಕೂಟಕ್ಕೆ ಎಷ್ಟು ಜನ ಬಂದರು ಎಂಬುದಕ್ಕೂ ಪ್ರಸಂಗಿಯ ಜೇಬಿಗೂ ಇದ್ದ ದಾರಿಯನ್ನು ಅದು ಕಡಿದುಹಾಕಿತು.

ಒಬ್ಬಂಟಿಯಾಗಿ ಇರಬಾರದೆಂಬ ನಿಯಮಕ್ಕೆ ಬಂದರೆ, ಅದರ ಮಿತಿ ಬಹಳ ಕಠೋರವಾಗಿ ಬೆಳಕಿಗೆ ಬಂದದ್ದು ರವಿ ಝಕರಾಯಸ್ ಪ್ರಕರಣದಲ್ಲಿ. ಕ್ರೈಸ್ತ ನಂಬಿಕೆಯ ಪರವಾಗಿ ವಾದಿಸುವುದರಲ್ಲಿ ಜಗತ್ತಿನಾದ್ಯಂತ ಹೆಸರಾಗಿದ್ದ ಅವರು ತಮ್ಮ ಮೇಲೆ 2017ರಲ್ಲಿ ಆರೋಪ ಬಂದಾಗ, ಹೆಂಡತಿ ಮತ್ತು ಹೆಣ್ಣುಮಕ್ಕಳ ಹೊರತು ಬೇರೆ ಹೆಂಗಸಿನೊಡನೆ ತಾವು ಒಬ್ಬಂಟಿಯಾಗಿ ಇರುವುದೇ ಇಲ್ಲವೆಂದು ಹೇಳಿಕೆ ಕೊಟ್ಟಿದ್ದರು. ಆ ವ್ಯಾಜ್ಯ ಗೌಪ್ಯತೆಯ ಕರಾರಿನೊಂದಿಗೆ ಮುಗಿಯಿತು. 2020ರ ಮೇ ತಿಂಗಳಿನಲ್ಲಿ ಅವರು ತೀರಿಕೊಂಡ ಮೇಲೆ ಅವರ ಸಂಸ್ಥೆಯೇ ನೇಮಿಸಿದ ಕಾನೂನು ಸಂಸ್ಥೆಯ ವರದಿ 2021ರ ಫೆಬ್ರವರಿಯಲ್ಲಿ ಪ್ರಕಟವಾಗಿ, ಅಂಗಮರ್ದನ ಮಾಡುವ ಮಹಿಳೆಯರ ಮೇಲೆ ಅವರು ನಡೆಸಿದ ಲೈಂಗಿಕ ದುರ್ವರ್ತನೆಯನ್ನು ದೃಢಪಡಿಸಿತು. ಸಂಸ್ಥೆಯ ಆಡಳಿತ ಮಂಡಳಿ ತಾನು ಹಿಂದೆ ಆರೋಪಗಳನ್ನು ಸರಿಯಾಗಿ ಪರಿಶೀಲಿಸದೆ ಸೋತದ್ದನ್ನು ಒಪ್ಪಿಕೊಂಡಿತು. ಆ ಮಂಡಳಿಯಲ್ಲಿ ಯಾರ್ಯಾರು ಇದ್ದರು ಎಂಬುದನ್ನೇ ಸಂಸ್ಥೆ ಸಾರ್ವಜನಿಕರಿಗೆ ತಿಳಿಸುತ್ತಿರಲಿಲ್ಲ. ನಿಯಮ ಇತ್ತು, ಅದನ್ನು ಬಾಯಿಂದ ಸಾರುವುದೂ ಇತ್ತು, ಆದರೆ ಅದು ಪಾಲನೆಯಾಗುತ್ತಿದೆಯೇ ಎಂದು ಪರೀಕ್ಷಿಸುವ ಕಣ್ಣು ಇರಲಿಲ್ಲ. ಈ ನಿಯಮಕ್ಕೆ ಇನ್ನೊಂದು ಬೆಲೆಯೂ ಇದೆ: ಅದನ್ನು ಯಾಂತ್ರಿಕವಾಗಿ ಪಾಲಿಸುವ ಕಡೆ ಸಭೆಯಲ್ಲಿ ಕೆಲಸ ಮಾಡುವ ಮಹಿಳೆಯರು ಮಾರ್ಗದರ್ಶನದಿಂದ, ತೀರ್ಮಾನಗಳಿಂದ ಹೊರಗುಳಿಯುತ್ತಾರೆ ಮತ್ತು ಅಪಾಯದ ಮೂಲವೇ ತಾವೆಂಬಂತೆ ಕಾಣಿಸಿಕೊಳ್ಳುತ್ತಾರೆ. ಗಾಜಿನ ಬಾಗಿಲಿನ ಕೋಣೆ, ಪಕ್ಕದ ಕೋಣೆಯಲ್ಲಿ ಇನ್ನೊಬ್ಬರ ಇರವು, ಭೇಟಿಗಳ ದಾಖಲೆ ಇವು ಯಾರನ್ನೂ ಹೊರಗಿಡದೆ ಅದೇ ಕೆಲಸವನ್ನು ಮಾಡುತ್ತವೆ.

ಸಭೆಗಳು ಪ್ರಶ್ನೆ ಕೇಳದಿರುವುದಕ್ಕೆ ವಚನಗಳನ್ನೇ ಗುರಾಣಿಯಾಗಿ ಹಿಡಿಯುವುದೂ ಉಂಟು. ಅಭಿಷಿಕ್ತರನ್ನು ಮುಟ್ಟಬೇಡಿರಿ ಎಂಬ 105ನೆಯ ಕೀರ್ತನೆಯ ಮಾತನ್ನು ಸಭಾಪಾಲಕರನ್ನು ಟೀಕಿಸಬಾರದು ಎಂಬ ಅರ್ಥದಲ್ಲಿ ಬಳಸುತ್ತಾರೆ. ಆ ಕೀರ್ತನೆಯಲ್ಲಿ ಪ್ರಸ್ತಾಪವಾಗಿರುವುದು ನೆಲೆಯಿಲ್ಲದೆ ದೇಶದಿಂದ ದೇಶಕ್ಕೆ ಅಲೆಯುತ್ತಿದ್ದ ಅಬ್ರಹಾಮ, ಇಸಾಕ, ಯಾಕೋಬರ ಕುಟುಂಬ. ಆ ಎಚ್ಚರಿಕೆ ಹೋದದ್ದು ಅವರಿಗೆ ಕೇಡು ಮಾಡಬಲ್ಲ ಅರಸರಿಗೆ. ಬಲವಿಲ್ಲದವರನ್ನು ಬಲವುಳ್ಳವರಿಂದ ಕಾಯಲು ಹೇಳಿದ ಮಾತು ಬಲವುಳ್ಳವರ ರಕ್ಷಣೆಗೆ ಬಳಕೆಯಾಗುತ್ತಿದೆ. ಹಿರಿಯನ ಮೇಲೆ ಇಬ್ಬರು ಮೂವರು ಸಾಕ್ಷಿಗಳಿಲ್ಲದೆ ದೂರನ್ನು ಸ್ವೀಕರಿಸಬೇಡ ಎಂಬ ತಿಮೊಥೆಯನಿಗೆ ಬರೆದ ಮೊದಲನೆಯ ಪತ್ರದ 5:19ನೆಯ ವಚನವನ್ನು ಉಲ್ಲೇಖಿಸುವವರು ಪಾಪ ಮಾಡುತ್ತಿರುವವರನ್ನು ಎಲ್ಲರ ಮುಂದೆ ಗದರಿಸು ಎಂಬ ಅದರ ಮರುವಚನಕ್ಕೆ ಬರುವ ಮೊದಲೇ ಪುಸ್ತಕ ಮುಚ್ಚುತ್ತಾರೆ. ಮುಚ್ಚಿದ ಕೋಣೆಯೊಳಗೆ ನಡೆಯುವ ಅಪರಾಧಕ್ಕೆ ಎದುರಿಗೆ ನಿಂತು ಕಂಡ ಸಾಕ್ಷಿಗಳು ಸಿಗುವುದಿಲ್ಲ. ಬೇರೆ ಬೇರೆ ಕಾಲದಲ್ಲಿ ಬೇರೆ ಬೇರೆ ಜನರು ಒಂದೇ ಬಗೆಯ ನಡತೆಯನ್ನು ವಿವರಿಸುವುದು, ಸಂದೇಶಗಳು, ಹಣದ ದಾಖಲೆಗಳು ಇವು ಕೂಡ ಸಾಕ್ಷಿಗಳೇ. ಪೌಲನು ಅಂತಿಯೋಕ್ಯದಲ್ಲಿ ಪೇತ್ರನ ತಪ್ಪನ್ನು ಎಲ್ಲರ ಎದುರಿಗೆ ಖಂಡಿಸಿದ್ದನ್ನು ಗಲಾತ್ಯದವರಿಗೆ ಬರೆದ ಪತ್ರ ಮುಚ್ಚಿಡುವುದಿಲ್ಲ. ಆ ಪತ್ರವನ್ನು ಸತ್ಯವೇದದಲ್ಲಿ ಸೇರಿಸಿಕೊಂಡ ಸಭೆ ಪೇತ್ರನ ಹೆಸರು ಕೆಡುತ್ತದೆಂದು ಅಂಜಲಿಲ್ಲ.

ಹೆಸರು ಕೆಡುತ್ತದೆಂಬ ಅಂಜಿಕೆಯಿಂದ ಸಂಸ್ಥೆಗಳು ಏನು ಮಾಡಬಲ್ಲವು ಎಂಬುದಕ್ಕೆ ನಿದರ್ಶನಗಳು ಕಡಿಮೆಯಿಲ್ಲ. ಮಕ್ಕಳ ಮೇಲೆ ದೌರ್ಜನ್ಯ ನಡೆಸಿದ ಗುರುಗಳನ್ನು ಒಂದು ಧರ್ಮಕೇಂದ್ರದಿಂದ ಇನ್ನೊಂದಕ್ಕೆ ವರ್ಗಾಯಿಸುತ್ತಿದ್ದದ್ದು 2002ರಲ್ಲಿ ಪತ್ರಿಕಾ ತನಿಖೆಯಿಂದ ಬಯಲಾದ ಮೇಲೆ ಬಾಸ್ಟನ್ನಿನ ಕಾರ್ಡಿನಲ್ ಬರ್ನಾರ್ಡ್ ಲಾ ಅದೇ ವರ್ಷದ ಡಿಸೆಂಬರಿನಲ್ಲಿ ರಾಜೀನಾಮೆ ಕೊಟ್ಟರು. ಅಮೆರಿಕದ ಸದರ್ನ್ ಬ್ಯಾಪ್ಟಿಸ್ಟ್ ಒಕ್ಕೂಟದ ಬಗ್ಗೆ 2022ರ ಮೇ ತಿಂಗಳಿನಲ್ಲಿ ಹೊರಬಂದ ಸ್ವತಂತ್ರ ತನಿಖಾ ವರದಿ, ಅದರ ಕಾರ್ಯಕಾರಿ ಸಮಿತಿಯ ಕಚೇರಿಯಲ್ಲಿ ಆರೋಪಕ್ಕೆ ಗುರಿಯಾದ 700ಕ್ಕೂ ಹೆಚ್ಚು ಹೆಸರುಗಳ ಪಟ್ಟಿಯೊಂದು ವರ್ಷಗಳಿಂದ ಗುಟ್ಟಾಗಿ ಇತ್ತೆಂದು ತಿಳಿಸಿತು. ಪ್ರತಿ ಸಭೆಯೂ ಸ್ವತಂತ್ರ, ಆದ್ದರಿಂದ ಕೇಂದ್ರದಲ್ಲಿ ಇಂಥ ಪಟ್ಟಿ ಇಡಲಾಗದು ಎಂದು ಸಂತ್ರಸ್ತರಿಗೆ ಹೇಳುತ್ತಿದ್ದ ಕಾಲದಲ್ಲೇ ಅದು ಅಲ್ಲಿತ್ತು. ಬಿಷಪ್ಪರ ಆಡಳಿತವಿರುವ ಸಭೆಯಲ್ಲಿಯೂ ಬಿಷಪ್ಪರೇ ಇಲ್ಲದ ಸಭೆಯಲ್ಲಿಯೂ ಒಂದೇ ರೋಗ ಕಾಣಿಸಿಕೊಂಡದ್ದನ್ನು ನೋಡಿದರೆ, ನಮ್ಮ ಆಡಳಿತ ಪದ್ಧತಿ ಸತ್ಯವೇದಕ್ಕೆ ಅನುಸಾರವಾಗಿದೆ, ಆದ್ದರಿಂದ ನಮ್ಮಲ್ಲಿ ಹೀಗಾಗದು ಎಂದು ಯಾವ ಪಂಗಡವೂ ಹೇಳುವಂತಿಲ್ಲ.

ಲೈಂಗಿಕ ಪಾಪ ಅಥವಾ ಹಣದ ಮೋಸ ಇಲ್ಲದಿದ್ದರೆ ನಾಯಕನು ನಿರ್ದೋಷಿ ಎಂಬ ಎಣಿಕೆಯೂ ತಪ್ಪು. ಸಿಯಾಟಲ್ಲಿನ ಮಾರ್ಸ್ ಹಿಲ್ ಸಭೆಯ ಸ್ಥಾಪಕರಲ್ಲಿ ಒಬ್ಬರಾದ ಮಾರ್ಕ್ ಡ್ರಿಸ್ಕಲ್ 2014ರ ಅಕ್ಟೋಬರಿನಲ್ಲಿ ರಾಜೀನಾಮೆ ಕೊಟ್ಟಾಗ, ಅವರಲ್ಲಿ ಕೆಲವೊಮ್ಮೆ ಅಹಂಕಾರ, ಮುಂಗೋಪ, ಕಟುಮಾತು, ದಬ್ಬಾಳಿಕೆಯ ನಾಯಕತ್ವ ಕಂಡುಬಂದಿವೆ ಎಂದು ಸಭೆಯ ಮೇಲ್ವಿಚಾರಕ ಮಂಡಳಿ ಹೇಳಿತು. ಅನೈತಿಕತೆಯಾಗಲಿ ಕಾನೂನುಬಾಹಿರ ಕೃತ್ಯವಾಗಲಿ ಇಲ್ಲದ್ದರಿಂದ ಅವರು ಸೇವೆಗೆ ಅನರ್ಹರಲ್ಲ ಎಂದೂ ಸೇರಿಸಿತು. ತೀತನಿಗೆ ಬರೆದ ಪತ್ರದ 1:7ನೆಯ ವಚನ ಸಭಾಧ್ಯಕ್ಷನು ಅಹಂಕಾರಿಯೂ ಮುಂಗೋಪಿಯೂ ಆಗಿರಬಾರದೆಂದು ಮೊದಲ ಸಾಲಿನಲ್ಲೇ ಹೇಳುತ್ತದೆ. ಜನರನ್ನು ಜಜ್ಜಿಹಾಕುವ ನಾಯಕತ್ವ ಉಳಿದ ಪಾಪಗಳಿಗೆ ನೆಲ ಹದಗೊಳಿಸುತ್ತದೆ, ಏಕೆಂದರೆ ಕೇಳುವ ಧೈರ್ಯವಿದ್ದವರನ್ನು ಅದು ಮೊದಲೇ ಹೊರಗಟ್ಟಿರುತ್ತದೆ.

ಹಾಗಾದರೆ ನಿಜವಾದ ಲೆಕ್ಕ ಒಪ್ಪಿಸುವಿಕೆ ಎಂದರೇನು? ನಾಯಕನಿಗೆ ಉತ್ತರ ಹೇಳಲೇಬೇಕಾದ ವ್ಯಕ್ತಿಗಳು ಇರಬೇಕು, ಅವರಿಗೆ ನಿಜಸ್ಥಿತಿ ತಿಳಿಯುವ ದಾರಿ ಅವನ ಬಾಯಿಮಾತಿನಿಂದಾಚೆಗೂ ಇರಬೇಕು, ಮತ್ತು ತಿಳಿದ ಮೇಲೆ ಅವನನ್ನು ತಡೆಯುವ ಅಧಿಕಾರ ಅವರಿಗೆ ಇರಬೇಕು. ಮೂರರಲ್ಲಿ ಒಂದು ತಪ್ಪಿದರೂ ಉಳಿದೆರಡು ನಾಟಕವಾಗುತ್ತವೆ. ವಾರಕ್ಕೊಮ್ಮೆ ಸೇರಿ ಹೇಗಿದ್ದೀಯ ಎಂದು ಕೇಳುವ ಸ್ನೇಹಿತರ ಗುಂಪು ಒಳ್ಳೆಯದೇ, ಆದರೆ ಅಲ್ಲಿ ಅವನು ಹೇಳಿದ್ದಷ್ಟೇ ಅವರಿಗೆ ತಿಳಿಯುತ್ತದೆ. ಸುಳ್ಳು ಹೇಳಲು ನಿರ್ಧರಿಸಿದವನಿಗೆ ಅದು ಇನ್ನೊಂದು ಮರೆ. ಆಡಳಿತ ಮಂಡಳಿಯಲ್ಲಿ ಹೆಂಡತಿ, ಮಗ, ಭಾವಮೈದುನ ಮತ್ತು ಅವನಿಂದಲೇ ಸಂಬಳ ಪಡೆಯುವ ಇಬ್ಬರು ಇದ್ದರೆ ಅಧಿಕಾರ ಕಾ‌ಗದದ ಮೇಲೆ ಮಾತ್ರ ಇರುತ್ತದೆ. ಕಾಣಿಕೆಯನ್ನು ಒಂದೇ ಮನೆಯವರಲ್ಲದ ಇಬ್ಬರು ಎಣಿಸುವುದು, ನಾಯಕನ ಸಂಬಳವನ್ನು ಅವನು ಕೋಣೆಯಲ್ಲಿಲ್ಲದಾಗ ನಿಗದಿಪಡಿಸುವುದು, ಚೆಕ್ಕಿಗೆ ಎರಡು ಸಹಿ, ಹೊರಗಿನ ಲೆಕ್ಕಪರಿಶೋಧನೆ, ಹಿರಿಯರಿಗೆ ಅವಧಿಯ ಮಿತಿ, ನಾಯಕನನ್ನು ದಾಟಿ ನೇರವಾಗಿ ದೂರು ಕೊಡಬಹುದಾದ ಒಂದು ವಿಳಾಸ: ಇವುಗಳಲ್ಲಿ ಯಾವುದೂ ಆತ್ಮಿಕ ಸಂಗತಿಯಂತೆ ಕಾಣುವುದಿಲ್ಲ. ಕೊರಿಂಥದವರಿಗೆ ಬರೆಯುತ್ತಿದ್ದ ಪೌಲನಿಗೆ ಮಾತ್ರ ಇವು ಹೊಸದೆನಿಸುತ್ತಿರಲಿಲ್ಲ. ಇನ್ನು ಮಕ್ಕಳ ಮೇಲಿನ ದೌರ್ಜನ್ಯ, ಅತ್ಯಾಚಾರ, ಹಣದ ವಂಚನೆಗಳಂಥ ಅಪರಾಧಗಳು ಸಭೆಯ ಒಳವಿಚಾರಣೆಗೆ ಸೇರಿದವಲ್ಲ. ಅವು ಪೊಲೀಸರ ಮತ್ತು ನ್ಯಾಯಾಲಯದ ಪಾಲು.

ಬಿದ್ದ ನಾಯಕನನ್ನು ಏನು ಮಾಡಬೇಕು ಎಂಬ ಪ್ರಶ್ನೆಯಲ್ಲಿ ಕ್ಷಮೆ ಮತ್ತು ಪುನಃಸ್ಥಾಪನೆ ಎಂಬ ಎರಡು ಬೇರೆ ಸಂಗತಿಗಳು ಕಲೆಸಿಹೋಗುತ್ತವೆ. ಕ್ಷಮೆ ಪಶ್ಚಾತ್ತಾಪಪಡುವ ಯಾರಿಗೂ ಸಿಗುತ್ತದೆ ಎಂಬುದು ಸುವಾರ್ತೆಯ ತಿರುಳು. ಪ್ರಸಂಗಪೀಠ ಮರಳಿ ಸಿಗುವುದು ಆ ತಿರುಳಿನ ಭಾಗವಲ್ಲ. ದಾವೀದನಿಗೆ ನಾತಾನನು ಯೆಹೋವನ ಕ್ಷಮೆಯನ್ನು ಸಾರಿದ ಮಾತಿನ ಹಿಂದೆಯೇ ಅದರ ಪರಿಣಾಮಗಳನ್ನೂ ಸಾರಿದನು. ದೂರದರ್ಶನದ ಪ್ರಸಂಗಿ ಜಿಮ್ಮಿ ಸ್ವಾಗರ್ಟ್ 1988ರ ಫೆಬ್ರವರಿಯಲ್ಲಿ ಕಣ್ಣೀರಿಡುತ್ತ ತಮ್ಮ ಪಾಪವನ್ನು ಒಪ್ಪಿಕೊಂಡ ದೃಶ್ಯವನ್ನು ಜಗತ್ತೇ ನೋಡಿತು. ಅವರ ಪಂಗಡವಾದ ಅಸೆಂಬ್ಲೀಸ್ ಆಫ್ ಗಾಡ್ ಒಂದು ವರ್ಷ ಪ್ರಸಂಗದಿಂದ ದೂರವಿರಬೇಕೆಂದು ಹೇಳಿದಾಗ ಅವರು ಒಪ್ಪಲಿಲ್ಲ, ಪಂಗಡ ಅವರ ಸೇವಕತ್ವದ ಮಾನ್ಯತೆಯನ್ನು ರದ್ದುಮಾಡಿತು, ಅವರು ಸ್ವತಂತ್ರವಾಗಿ ಪೀಠಕ್ಕೆ ಮರಳಿದರು. ಮೂರು ವರ್ಷಗಳ ನಂತರ ಅಂಥದೇ ಸುದ್ದಿ ಮತ್ತೆ ಬಂತು. ಅಳು ಸುಳ್ಳಾಗಿತ್ತೆಂದು ಯಾರೂ ಹೇಳಬೇಕಾಗಿಲ್ಲ. ಪಶ್ಚಾತ್ತಾಪದ ಅಳತೆಗೋಲಾಗಿ ಕಣ್ಣೀರಿಗಿಂತ ಒಂದು ವರ್ಷ ಸುಮ್ಮನೆ ಕುಳಿತಿರಲು ಒಪ್ಪುವುದು ಹೆಚ್ಚು ನಂಬಲರ್ಹವಾದದ್ದು. ಗಾಯಗೊಂಡವರಿಗೆ ಆರೈಕೆ ಮತ್ತು ನ್ಯಾಯ ಸಿಕ್ಕಿತೇ ಎಂಬ ಪ್ರಶ್ನೆಗೆ ಉತ್ತರ ಸಿಗುವ ಮೊದಲು ನಾಯಕನು ಯಾವಾಗ ಮರಳುತ್ತಾನೆ ಎಂಬ ಪ್ರಶ್ನೆಯನ್ನು ಎತ್ತುವ ಸಭೆ ಕುರಿಮರಿಯನ್ನು ಮರೆತು ಐಶ್ವರ್ಯವಂತನನ್ನು ಸಂತೈಸುತ್ತಿರುತ್ತದೆ.

ತಾನಾಗಿಯೇ ಜನರ ಮುಂದೆ ಲೆಕ್ಕ ತೆರೆದಿಟ್ಟ ನಾಯಕನೊಬ್ಬನ ಚಿತ್ರ ಮೊದಲನೆಯ ಸಮುವೇಲದ 12ನೆಯ ಅಧ್ಯಾಯದಲ್ಲಿದೆ. ಮುದುಕನಾದ ಸಮುವೇಲನು ಇಸ್ರಾಯೇಲರನ್ನೆಲ್ಲ ಕೂಡಿಸಿ, ನಾನು ಯಾರ ಎತ್ತನ್ನು ತೆಗೆದುಕೊಂಡೆ, ಯಾರ ಕತ್ತೆಯನ್ನು ಹಿಡಿದೆ, ಯಾರನ್ನು ವಂಚಿಸಿದೆ, ಯಾರ ಕೈಯಿಂದ ಲಂಚ ತೆಗೆದುಕೊಂಡು ಕಣ್ಣು ಮುಚ್ಚಿಕೊಂಡೆ ಎಂದು ಕೇಳುತ್ತಾನೆ, ನೀನು ಯಾರಿಂದಲೂ ಏನನ್ನೂ ತೆಗೆದುಕೊಳ್ಳಲಿಲ್ಲವೆಂದು ಜನರು ಸಾಕ್ಷಿ ಹೇಳುತ್ತಾರೆ. ನಿರ್ಮಲವಾದ ಸೇವೆಯ ಮಾದರಿಯಾಗಿ ಈ ಭಾಗವನ್ನು ಪ್ರಸಂಗಗಳಲ್ಲಿ ಬಳಸುತ್ತಾರೆ, ಅದು ಸರಿಯೂ ಹೌದು. ಆದರೆ ಆ ಪ್ರಶ್ನೆಗಳಿಗೆ ಮುಂಚಿನ ವಾಕ್ಯದಲ್ಲಿ ಅವನು ನನ್ನ ಮಕ್ಕಳು ನಿಮ್ಮೊಂದಿಗಿದ್ದಾರೆ ಎಂದಷ್ಟೇ ಹೇಳಿ ಮುಂದೆ ಹೋಗುತ್ತಾನೆ. ಆ ಮಕ್ಕಳು ಯೋವೇಲ ಮತ್ತು ಅಬೀಯ. ಅವರನ್ನು ನ್ಯಾಯಾಧಿಪತಿಗಳಾಗಿ ನೇಮಿಸಿದವನು ಸಮುವೇಲನೇ, ಅವರು ಲಂಚ ತಿಂದು ನ್ಯಾಯ ಕೆಡಿಸಿದ್ದರೆಂದು ನಾಲ್ಕು ಅಧ್ಯಾಯಗಳ ಹಿಂದೆ ಅದೇ ಪುಸ್ತಕ ಬರೆದಿದೆ. ಮಕ್ಕಳನ್ನು ತಡೆಯದ ಯಾಜಕ ಏಲಿಗೆ ದೇವರ ತೀರ್ಪನ್ನು ತಿಳಿಸುವ ಕೆಲಸ ಬಾಲಕನಾಗಿದ್ದಾಗ ಬಿದ್ದದ್ದು ಇದೇ ಸಮುವೇಲನ ಪಾಲಿಗೆ. ಅಂದು ನೆರೆದಿದ್ದ ಜನರಲ್ಲಿ ಯಾರೂ ಆ ಮಕ್ಕಳ ಲೆಕ್ಕವನ್ನು ಅವನ ಬಳಿ ಕೇಳಲಿಲ್ಲ.